ಒಂದೇ ನಿಮಿಷ, ನಾಲ್ಕು ಆರ್ಕೆಸ್ಟ್ರಾ

"ಎಲ್ಲಾನೂ ಕಾಗದದ ಮೇಲೆ ಬರೆದಿಟ್ಟಿದ್ದಾನೆ ಅಂತೀರಿ. ಸ್ವರ ಅವನದೇ, ಕಾಲ ಅವನದೇ, ಯಾವ ವಾದ್ಯ ಎಲ್ಲಿ ಸೇರ್ಕೋಬೇಕು ಅನ್ನೋದೂ ಅವನದೇ. ಅಂದ್ಮೇಲೆ ಇವರು ನುಡಿಸಿದ್ದು, ಅವರು ನುಡಿಸಿದ್ದು ಅಂತ ನಾಲ್ಕು ನಾಲ್ಕು ಸಲ ಯಾಕೆ ಕೇಳ್ಬೇಕು ಸ್ವಾಮಿ?"

ಮೈಸೂರಿನ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ನಾಲ್ಕಾರು ಜನ ಸೇರಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವ ಪರಿಪಾಠವಿದೆ. ಪ್ರಶ್ನೆ ಕೇಳಿದವರು ಅಲ್ಲಿಗೆ ಬರುವ ಮೃದಂಗದ ಮೇಷ್ಟ್ರು. ಅವರ ಪ್ರಶ್ನೆ ನ್ಯಾಯವಾದದ್ದೇ. ಕಛೇರಿ ಕೇಳಿ ಬೆಳೆದವರಿಗೆ ಅರಿಯಾಕುಡಿಯವರ ಕಲ್ಯಾಣಿಗೂ ಜಿ.ಎನ್.ಬಿ.ಯವರ ಕಲ್ಯಾಣಿಗೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಹಾಡುವವರೇ ಅರ್ಧ ವಾಗ್ಗೇಯಕಾರರು. ಪ್ರತಿ ಸ್ವರವೂ ಅಚ್ಚಾಗಿರುವ ಸಂಗೀತದಲ್ಲಿ ನುಡಿಸುವವರ ಪಾಲಿಗೆ ಉಳಿದಿರುವುದೇನು ಎಂಬುದನ್ನು ಮಾತಿನಲ್ಲಿ ಹೇಳಹೊರಟರೆ ಎದುರಿಗಿದ್ದವರು ಆಕಳಿಸುತ್ತಾರೆ. ಕೇಳಿಸಿದರೆ ಮಾತ್ರ ಕೆಲಸ ಆಗುತ್ತದೆ. ಅದರಲ್ಲೂ ಎಷ್ಟು ಕೇಳಿಸಬೇಕು ಎನ್ನುವುದಕ್ಕೆ ಒಂದು ಲೆಕ್ಕವಿದೆ. ಬೀಥೋವನ್‌ನ ಐದನೇ ಸಿಂಫನಿ ಪೂರ್ತಿ ನುಡಿಸಲು ಅರ್ಧ ಗಂಟೆ ಹಿಡಿಯುತ್ತದೆ. ಹೊಸಬರನ್ನು ಅರ್ಧ ಗಂಟೆ ಕೂರಿಸಿದರೆ ಅವರು ಮರ್ಯಾದೆಗೆ ಕೂತಿರುತ್ತಾರೆ. ಒಂದೇ ನಿಮಿಷವನ್ನು ನಾಲ್ಕು ಆರ್ಕೆಸ್ಟ್ರಾಗಳಿಂದ ಕೇಳಿಸಿದರೆ ಕುತೂಹಲಕ್ಕೆ ಕೂರುತ್ತಾರೆ.

ನಾನು ಆರಿಸಿಕೊಂಡದ್ದು ಆ ಸಿಂಫನಿಯ ಮೊದಲ ನಿಮಿಷವನ್ನೇ. ಆ ನಾಲ್ಕು ಸ್ವರಗಳನ್ನು ಸಿನಿಮಾದಲ್ಲೋ ಜಾಹೀರಾತಿನಲ್ಲೋ ಕೇಳದವರಿಲ್ಲ, ಹಾಗಾಗಿ ಯಾರಿಗೂ ಪರಕೀಯ ಅನ್ನಿಸುವುದಿಲ್ಲ. ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ಫುರ್ಟ್‌ವೆಂಗ್ಲರ್ 1947ರ ಮೇ ತಿಂಗಳಲ್ಲಿ ಮಾಡಿದ್ದು, ಲಂಡನ್ನಿನ ಫಿಲ್‌ಹಾರ್ಮೋನಿಯಾ ಜೊತೆ ಕ್ಲೆಂಪರರ್ 1959ರಲ್ಲಿ ಮಾಡಿದ್ದು, ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ ಕಾರ್ಲೋಸ್ ಕ್ಲೈಬರ್ 1974ರಲ್ಲಿ ಮಾಡಿದ್ದು, ಬೀಥೋವನ್ ಕಾಲದ ಮಾದರಿಯ ವಾದ್ಯಗಳನ್ನು ಬಳಸಿ ಜಾನ್ ಎಲಿಯಟ್ ಗಾರ್ಡಿನರ್ 1990ರ ದಶಕದಲ್ಲಿ ಮಾಡಿದ್ದು. ಯಾರ ಹೆಸರನ್ನೂ ಮುಂಚೆ ಹೇಳಲಿಲ್ಲ.

ಮೇಷ್ಟ್ರು ತೊಡೆಯ ಮೇಲೆ ತಾಳ ಹಾಕುತ್ತಾ ಕೂತರು. ಎರಡನೆಯ ಸಲ ಕೇಳುವಾಗಲೇ ಕೈ ನಿಲ್ಲಿಸಿ, "ಇವನು ಸಮದ ಮೇಲೆ ಎತ್ತಿಕೊಳ್ತಿಲ್ಲ" ಅಂದರು. ನಿಜ. ಸ್ವರಲಿಪಿಯಲ್ಲಿ ಮೊದಲು ಬರೆದಿರುವುದೇ ಒಂದು ಮೌನ, ಅರ್ಧ ಪೆಟ್ಟಿನ ಬಿಡುವು. ಆ ಬಿಡುವಾದ ಮೇಲೆ ಮೂರು ಸಣ್ಣ ಸ್ವರ, ಒಂದು ಉದ್ದ ಸ್ವರ. ನಮ್ಮ ಲೆಕ್ಕದಲ್ಲಿ ಅದು ಅನಾಗತ ಎಡುಪು. ಕೇಳುವವರ ಕಿವಿಗೆ ಬೀಳದ ಆ ಸಮವನ್ನು ಕಂಡಕ್ಟರ್ ತನ್ನ ಕೋಲಿನಲ್ಲಿ ತೋರಿಸಬೇಕು, ನುಡಿಸುವವರೆಲ್ಲ ಒಟ್ಟಿಗೆ ಅದನ್ನು ಹಿಡಿದು ಮೇಲೇಳಬೇಕು. ಸ್ವಲ್ಪ ಸಡಿಲವಾದರೂ ಆ ಮೂರು ಸ್ವರಗಳು ತಿಶ್ರದ ಹಾಗೆ ಕೇಳಿ, ಮೊದಲನೆಯದರ ಮೇಲೆ ಒತ್ತು ಬಿದ್ದು, ಸಾಲಿನ ಬೆನ್ನೆಲುಬೇ ಮುರಿಯುತ್ತದೆ. ಕಾರ್ಲೋಸ್ ಕ್ಲೈಬರ್‌ನ ಧ್ವನಿಮುದ್ರಣದಲ್ಲಿ ಮೌನದಿಂದಲೇ ಚಿಮ್ಮಿದ ಹಾಗೆ ಬರುತ್ತದೆ. ಫುರ್ಟ್‌ವೆಂಗ್ಲರ್‌ನದರಲ್ಲಿ ಭಾರ ಜಾಸ್ತಿ, ನೆಲ ಅದುರಿದ ಹಾಗೆ. ನಾನು ಹತ್ತಾರು ವರ್ಷಗಳಿಂದ ಕೇಳುತ್ತಿದ್ದೆ, ಪುಸ್ತಕಗಳಲ್ಲಿ ಆ ಬಿಡುವಿನ ಬಗ್ಗೆ ಓದಿಯೂ ಇದ್ದೆ. ಆದರೆ ಅದನ್ನು ನಮ್ಮ ತಾಳದ ಕಣ್ಣಿನಲ್ಲಿ ನೋಡಿದ್ದು ಅವತ್ತೇ. ಹುಮ್ಮಸ್ಸು ಹಂಚಿಕೊಳ್ಳುವುದರಲ್ಲಿ ಇಂಥ ಲಾಭವೂ ಉಂಟು.

ಆಮೇಲೆ ನಿಲುಗಡೆಗಳ ವಿಷಯ. ಮೊದಲ ನಾಲ್ಕು ಸ್ವರಗಳಲ್ಲಿ ಕೊನೆಯದನ್ನು ಹಿಡಿದು ನಿಲ್ಲಿಸಬೇಕೆಂಬ ಗುರುತಿದೆ. ಅದೇ ಮಾತು ಒಂದು ಮೆಟ್ಟಿಲು ಕೆಳಗೆ ಮತ್ತೆ ಬಂದಾಗ ಕೊನೆಯ ಸ್ವರವನ್ನು ಇನ್ನೂ ಒಂದು ಆವರ್ತ ಹೆಚ್ಚು ಎಳೆದು ಬರೆದಿದ್ದಾನೆ ಬೀಥೋವನ್. ಎರಡನೆಯದು ಮೊದಲಿನದಕ್ಕಿಂತ ಉದ್ದ, ಅಷ್ಟು ಖಚಿತ. ಎಷ್ಟು ಉದ್ದ? ಬರೆದಿಲ್ಲ. ಅದನ್ನು ತೀರ್ಮಾನಿಸುವುದು ಕಂಡಕ್ಟರ್. ವೇಗದ ಕಥೆ ಇದಕ್ಕೆ ತದ್ವಿರುದ್ಧ. ಬೀಥೋವನ್ 1817ರಲ್ಲಿ ತನ್ನ ಸಿಂಫನಿಗಳಿಗೆ ಮೆಟ್ರೊನೋಮ್ ಸಂಖ್ಯೆಗಳನ್ನು ಅಚ್ಚು ಹಾಕಿಸಿದ. ಈ ಭಾಗಕ್ಕೆ ಕೊಟ್ಟದ್ದು ನಿಮಿಷಕ್ಕೆ 108 ಆವರ್ತದ ಓಟ. ಖಚಿತವಾಗಿ ಬರೆದದ್ದನ್ನೇ ಮುಂದಿನ ನೂರೈವತ್ತು ವರ್ಷ ಹೆಚ್ಚಿನವರು ಪಾಲಿಸಲಿಲ್ಲ. ಆ ಯಂತ್ರ ಕೆಟ್ಟಿತ್ತು ಎಂದವರಿದ್ದಾರೆ, ಅಷ್ಟು ವೇಗ ಅಸಾಧ್ಯ ಎಂದವರಿದ್ದಾರೆ. ಗಾರ್ಡಿನರ್ ಅದರ ಹತ್ತಿರ ಹತ್ತಿರ ಓಡುತ್ತಾನೆ. ಕಾರ್ಲೋಸ್ ಕ್ಲೈಬರ್‌ಗೆ ಮೊದಲ ಭಾಗ ಮುಗಿಸಲು ಏಳೂಕಾಲು ನಿಮಿಷದ ಮೇಲೆ ಚೂರು ಬೇಕು. ಕ್ಲೆಂಪರರ್ ಎಂಟೂವರೆ ದಾಟುತ್ತಾನೆ. ಕ್ಲೆಂಪರರ್ ಬಂದಾಗ ನನ್ನ ತಮ್ಮನ ಮಗಳು, "ದೊಡ್ಡಪ್ಪಾ, ಇದೇನಿದು, ಪ್ಲೇಬ್ಯಾಕ್ ಸ್ಪೀಡ್ ಕಮ್ಮಿ ಮಾಡಿದ್ಯಾ?" ಅಂದಳು. ಮೇಷ್ಟ್ರಿಗೆ ಮಾತ್ರ ಅದೇ ಹಿಡಿಸಿತು. "ಚೌಕಕಾಲದಲ್ಲಿ ಕೂರಿಸೋದು ಎಷ್ಟು ಕಷ್ಟ ಅಂತ ನಿಂಗೆ ಗೊತ್ತಿಲ್ಲಮ್ಮ."

ಮೇಷ್ಟ್ರ ಮೂಲ ಪ್ರಶ್ನೆಗೆ ಗಟ್ಟಿ ಉತ್ತರ ಸಿಗುವುದು ಇದೇ ಭಾಗದ ಇನ್ನೊಂದು ಜಾಗದಲ್ಲಿ. ಮೊದಲ ನಿಮಿಷದೊಳಗೇ ಗದ್ದಲವೆಲ್ಲ ಅಡಗಿ, ಫ್ರೆಂಚ್ ಹಾರ್ನ್‌ಗಳು ಕೂಗಿ ಕರೆದ ಹಾಗೆ ಒಂದು ಸಾಲು ನುಡಿಸುತ್ತವೆ. ಅದರ ಬೆನ್ನಿಗೆ ಪಿಟೀಲಿನಲ್ಲಿ ಎರಡನೆಯ ಮುಖ್ಯ ಧಾಟಿ ಶುರುವಾಗುತ್ತದೆ. ಭಾಗದ ಉತ್ತರಾರ್ಧದಲ್ಲಿ ಅದೇ ಕರೆ ಮತ್ತೆ ಬರಬೇಕು, ಆದರೆ ಬೇರೆ ಶ್ರುತಿಯಲ್ಲಿ. ಬೀಥೋವನ್ ಅಲ್ಲಿ ಹಾರ್ನ್ ಬಿಟ್ಟು ಬಸೂನ್‌ಗಳಿಗೆ ಆ ಸಾಲು ಕೊಟ್ಟಿದ್ದಾನೆ. ಯಾಕೆಂದರೆ ಆಗಿನ ಹಾರ್ನಿಗೆ ಕವಾಟಗಳಿರಲಿಲ್ಲ. ಕೊಳವೆಯ ಉದ್ದಕ್ಕೆ ತಕ್ಕ ಒಂದಷ್ಟು ಸ್ವರಗಳು ಮಾತ್ರ ಸರಾಗವಾಗಿ ಬರುತ್ತಿದ್ದವು. ಶ್ರುತಿ ಬದಲಾಗಬೇಕಾದರೆ ತುಂಡು ಕೊಳವೆ ಕಳಚಿ ಇನ್ನೊಂದನ್ನು ಸಿಕ್ಕಿಸಬೇಕು, ಅದಕ್ಕೆ ಅಲ್ಲಿ ವ್ಯವಧಾನವಿಲ್ಲ. ಮುಂದೆ ಕವಾಟದ ಹಾರ್ನ್ ಬಂತು. ಈಗ ಯಾವ ಶ್ರುತಿಯಲ್ಲಾದರೂ ನುಡಿಸಬಹುದು. ಹಾಗಿದ್ದರೆ ಆ ಸಾಲನ್ನು ಹಾರ್ನಿಗೆ ವಾಪಸ್ ಕೊಡಬೇಕೋ, ಬಸೂನಿಗೇ ಬಿಡಬೇಕೋ?

20ನೇ ಶತಮಾನದ ಹೆಸರಾಂತ ಕಂಡಕ್ಟರ್‌ಗಳಲ್ಲಿ ಅನೇಕರು ಹಾರ್ನಿಗೆ ಕೊಟ್ಟರು: ಅವನಿಗೆ ಬೇಕಾಗಿದ್ದದ್ದು ಹಾರ್ನೇ, ವಾದ್ಯ ಕೈಕೊಟ್ಟಿದ್ದಕ್ಕೆ ಬಸೂನ್ ಬಂತು ಎಂಬ ವಾದ. ಗಾರ್ಡಿನರ್‌ನಂಥವರು ಬರೆದಿದ್ದನ್ನೇ ನುಡಿಸುತ್ತಾರೆ. ಬಸೂನಿನ ಗಂಟಲು ಚೂರು ಒರಟು. ದರ್ಪದ ಕರೆ ಎರಡನೆಯ ಸಲ ಬಡಕಲಾಗಿ ಬಂದಾಗ ಅರ್ಥವೇ ಬೇರೆಯಾಗುತ್ತದೆ. ನನ್ನ ಮಟ್ಟಿಗೆ ಬಸೂನೇ ಸರಿ. ವಾದ್ಯದ ಮಿತಿಯನ್ನು ತಿಳಿದೇ ಬರೆದವನ ಮನಸ್ಸಿನಲ್ಲಿ ಇನ್ನೇನೋ ಇತ್ತು ಎಂದು ಊಹಿಸುವುದು ನನಗೆ ಒಗ್ಗುವುದಿಲ್ಲ. ಯಾವ ಧ್ವನಿಮುದ್ರಣ ಯಾವ ಪಕ್ಷ ಎಂಬ ಪಟ್ಟಿ ಕೊಟ್ಟು ನಿಮ್ಮ ಆಟ ಕೆಡಿಸುವುದಿಲ್ಲ. ಅದೊಂದು ಸಾಲಿಗೆ ಕಿವಿಗೊಟ್ಟು ಹುಡುಕಿ, ಒಂದು ಸಂಜೆ ಹೋದದ್ದೇ ತಿಳಿಯುವುದಿಲ್ಲ.

ದೇವರನಾಮ ಹಾಡುವ ನನ್ನ ಅತ್ತಿಗೆಗೆ ಈ ಹಾರ್ನ್ ಜಗಳ ಬೇಸರ ತಂದಿತ್ತು. ಅವರು ತಲೆಯೆತ್ತಿದ್ದು ಅದಕ್ಕಿಂತ ಸ್ವಲ್ಪ ಮುಂಚಿನ ಒಂದು ಕ್ಷಣಕ್ಕೆ. ಉತ್ತರಾರ್ಧ ಆಗತಾನೇ ಶುರುವಾಗಿ ಓಟ ಕುದುರುತ್ತಿರುವಾಗ ಇಡೀ ಆರ್ಕೆಸ್ಟ್ರಾ ನಿಂತುಬಿಡುತ್ತದೆ. ಒಂಟಿ ಓಬೋ ತಾಳದ ಹಂಗಿಲ್ಲದೆ ಒಂದೇ ಉಸಿರಿನ ಆಲಾಪನೆ ಮಾಡಿ ಸುಮ್ಮನಾಗುತ್ತದೆ. "ಯಾರೋ ಪಾಪ ಮಧ್ಯದಲ್ಲಿ ಎದ್ದು ನಿಂತು ಹಾಡಿದ ಹಾಗಿದೆಯಲ್ಲೋ" ಅಂದರು. ಆ ಕೆಲವೇ ಸೆಕೆಂಡುಗಳನ್ನು ನಾಲ್ಕೂ ಧ್ವನಿಮುದ್ರಣಗಳಲ್ಲಿ ಹಾಕಿಸಿಕೊಂಡು ಕೇಳಿದರು. ಒಬ್ಬ ಓಬೋದವ ಅತ್ತ, ಒಬ್ಬ ಬೇಡಿದ, ಒಬ್ಬ ಬರೀ ಸ್ವರ ಒಪ್ಪಿಸಿದ ಎಂದು ತೀರ್ಪನ್ನೂ ಕೊಟ್ಟರು. ಒಪ್ಪಿಸಿದವನು ಯಾರೆಂದು ಹೇಳಿದ್ದರೆ ಆ ತೀರ್ಪು ಬರುತ್ತಿರಲಿಲ್ಲ. ಅದಕ್ಕೇ ಹೆಸರು ಮುಚ್ಚಿಡುವುದು. ಹೆಸರು ಗೊತ್ತಾದ ಮೇಲೆ ಜನ ಹೆಸರನ್ನೇ ಕೇಳುತ್ತಾರೆ.

ನಮ್ಮ ರಾಗಗಳಿಗೆ ಹೋಲಿಸಿ ಹೇಳುವುದರ ಬಗ್ಗೆ ಒಂದು ಎಚ್ಚರಿಕೆ. ಈ ಸಿಂಫನಿ ಕೀರವಾಣಿಯಂಥ ಜಾಗದಲ್ಲಿ ಶುರುವಾಗಿ ಶಂಕರಾಭರಣದಲ್ಲಿ ಮುಗಿಯುತ್ತದೆ ಅಂದರೆ ಎಲ್ಲರ ಮುಖ ಅರಳುತ್ತದೆ. ಐದು ನಿಮಿಷಕ್ಕೆ ಆ ಸಹಾಯ ಸಾಕು. ಆಮೇಲೆ ಅದೇ ಅಡ್ಡಗಾಲು. ತಂಬೂರಿಯ ಕಿವಿಗೆ ಷಡ್ಜ ಅಲುಗಬಾರದು. ಇಲ್ಲಿ ಷಡ್ಜವೇ ಮನೆ ಬದಲಿಸುತ್ತಾ ಹೋಗುತ್ತದೆ, ಕಥೆ ನಡೆಯುವುದೇ ಆ ಪ್ರಯಾಣದಲ್ಲಿ. "ಶ್ರುತಿ ತಪ್ಪಿತು" ಎಂದು ಚಡಪಡಿಸುವವರಿಗೆ ನಾನು ಮೂರನೆಯ ಭಾಗದಿಂದ ನಾಲ್ಕನೆಯದಕ್ಕೆ ದಾಟುವ ಸೇತುವೆಯನ್ನು ಕೇಳಿಸುತ್ತೇನೆ. ಪಿಟೀಲು ಗುಂಪು ಒಂದು ಸ್ವರವನ್ನು ಹಿಡಿದು ನಿಂತಿರುತ್ತದೆ. ಕೆಳಗೆ ಟಿಂಪನಿ ಮಾತ್ರ ಷಡ್ಜವನ್ನು ತಟ್ಟುತ್ತಲೇ ಇರುತ್ತದೆ, ಕೇಳಿಯೂ ಕೇಳದಷ್ಟು ಮೆಲ್ಲಗೆ. ಒಮ್ಮೆಲೇ ಬಾಗಿಲು ತೆರೆದು ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಮೂರು ಟ್ರೊಂಬೋನ್, ಪಿಕೊಲೊ, ಕಾಂಟ್ರಾಬಸೂನ್ ಎಲ್ಲ ಸೇರಿ ಸಿ ಮೇಜರ್‌ನಲ್ಲಿ ಮೊಳಗುತ್ತವೆ. ಮನೆ ಬದಲಿಸಿ ಸುತ್ತಾಡಿದ್ದಕ್ಕೇ ಮನೆಗೆ ಬಂದ ಸಂತೋಷ ಅಷ್ಟು ದೊಡ್ಡದು.

ಇದೇ ಸೇತುವೆಯಲ್ಲಿ ಈಗಿನ ಕೇಳುವ ವಿಧಾನದ ತೊಂದರೆಗಳೂ ಬಯಲಾಗುತ್ತವೆ. ದುಡ್ಡು ಕೊಡದೆ ಬಳಸುವ ಆ್ಯಪ್ ಒಂದರಲ್ಲಿ, ಮೂರನೆಯ ಟ್ರ್ಯಾಕ್ ಮುಗಿದು ನಾಲ್ಕನೆಯದು ಮೊಳಗಬೇಕಾದ ಆ ಕ್ಷಣಕ್ಕೆ ಸರಿಯಾಗಿ ಸಾಲದ ಜಾಹೀರಾತು ಬಂತು. ಮಕ್ಕಳು ನಕ್ಕೂ ನಕ್ಕೂ ಸುಸ್ತಾದರು. ಬೀಥೋವನ್ ಬಿಡುವಿಲ್ಲದೆ ಹೆಣೆದದ್ದನ್ನು ಟ್ರ್ಯಾಕುಗಳಾಗಿ ಕತ್ತರಿಸಿದರೆ ಇನ್ನೇನಾಗಬೇಕು? ಇನ್ನು ಸದ್ದಿನ ಮಟ್ಟ. ಎರಡು ಧ್ವನಿಮುದ್ರಣಗಳಲ್ಲಿ ಕೊಂಚ ಜೋರಾಗಿರುವುದು ಯಾವಾಗಲೂ ಹೆಚ್ಚು ಚೆನ್ನಾಗಿದೆ ಅನ್ನಿಸುತ್ತದೆ, ಕಿವಿಯ ಸ್ವಭಾವವೇ ಹಾಗೆ. ಹೋಲಿಸುವ ಮುನ್ನ ಎರಡನ್ನೂ ಸಮ ಮಾಡಿಕೊಳ್ಳದಿದ್ದರೆ ತೀರ್ಪೆಲ್ಲ ವಾಲ್ಯೂಮ್ ಗುಂಡಿಯದು. ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟಿದ್ದರೆ ಟಿಂಪನಿಯ ಆಸೆ ಬಿಡಿ. ಹಳೆಯ ಮೊನೊ ಧ್ವನಿಮುದ್ರಣದ ಗೊರಗೊರ ಮಾತ್ರ ನಮ್ಮಲ್ಲಿ ಹಿರಿಯರನ್ನು ಕಾಡಲಿಲ್ಲ. ಆಕಾಶವಾಣಿ ಕೇಳಿ ಬೆಳೆದವರು, ಅದರೊಳಗಿಂದ ಸಂಗೀತ ಹೆಕ್ಕುವುದು ಅವರಿಗೆ ರೂಢಿ.

ಮೈಸೂರಿನವರಿಗೆ ಸಿಂಫನಿ ಕೇಳಿಸುವಾಗ ಜಯಚಾಮರಾಜ ಒಡೆಯರ ಹೆಸರು ತಾನಾಗಿ ಬರುತ್ತದೆ. ಶ್ರೀವಿದ್ಯಾ ಅಂಕಿತದಲ್ಲಿ ಕೃತಿ ರಚಿಸಿದ ದೊರೆ ಲಂಡನ್ನಿನ ಫಿಲ್‌ಹಾರ್ಮೋನಿಯಾಕ್ಕೆ ಅದರ ಎಳೆಯ ವಯಸ್ಸಿನಲ್ಲಿ ಹಣದ ಆಸರೆಯಾಗಿದ್ದರು. ರಷ್ಯಾದ ನಿಕೊಲಾಯ್ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಅವರಿಗೆ ಅರ್ಪಿಸಿದ, ಅವನ ಕೃತಿಗಳು ಧ್ವನಿಮುದ್ರಣವಾದದ್ದೂ ಅವರ ನೆರವಿನಿಂದ. ಯಾರೂ ಮುಟ್ಟದ ಕೃತಿಗಳನ್ನು ಮುದ್ರಿಸಲು ಅವರ ನಿಧಿ ಬಳಕೆಯಾಯಿತು. ಕರಾಯಾನ್ 1949ರಲ್ಲಿ ಮಾಡಿದ ಬಾಲಕಿರೆವ್‌ನ ಮೊದಲ ಸಿಂಫನಿ ಅಂಥದ್ದು. ಬಾಲಕಿರೆವ್ 1864ರಲ್ಲಿ ಶುರುಮಾಡಿ 1897ರಲ್ಲಿ ಮುಗಿಸಿದ ಕೃತಿ ಅದು.

"ನಮ್ಮ ಮಹಾರಾಜರ ದುಡ್ಡು" ಅಂದ ಕೂಡಲೇ ಎಲ್ಲರೂ ನೆಟ್ಟಗೆ ಕೂತರು. ಹತ್ತು ನಿಮಿಷಕ್ಕೆ ಒಬ್ಬೊಬ್ಬರಾಗಿ ಫೋನ್ ತೆಗೆದರು. ಅಭಿಮಾನ ಬಾಗಿಲವರೆಗೆ ಕರೆತರುತ್ತದೆ, ಒಳಗೆ ಕೂರಿಸುವುದಿಲ್ಲ. ಅವತ್ತು ಸಂಜೆಯನ್ನು ಉಳಿಸಿದ್ದು ನಿಧಾನಗತಿಯ ಭಾಗದ ಕ್ಲಾರಿನೆಟ್. ಅತ್ತಿಗೆ ಕಣ್ಣು ಮುಚ್ಚಿದರು. ಬೀಚಮ್ 1955ರಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಜೊತೆ ಮುದ್ರಿಸಿದ್ದನ್ನೂ ಹಾಕಿದೆ. ಬೀಚಮ್‌ನದರಲ್ಲಿ ಸೊಗಸಿದೆ, ಕರಾಯಾನ್‌ನದರಲ್ಲಿ ಹಸಿವಿದೆ ಎಂಬುದು ನನ್ನ ಅಭಿಪ್ರಾಯ. ಅತ್ತಿಗೆಗೆ ಬೀಚಮ್ ಬೇಕು.

ಇಷ್ಟು ವರ್ಷಗಳಲ್ಲಿ ನಾನು ರೂಢಿಸಿಕೊಂಡ ಇನ್ನೊಂದು ಅಭ್ಯಾಸವೆಂದರೆ "ಹೇಗಿತ್ತು?" ಎಂದು ಕೇಳದಿರುವುದು. ಆ ಪ್ರಶ್ನೆಗೆ ಸಭ್ಯರೆಲ್ಲರ ಉತ್ತರ ಒಂದೇ. "ಎಲ್ಲಿ ಬೇರೆ ಅನ್ನಿಸ್ತು?" ಅಂದರೆ ಮಾತು ಹೊರಡುತ್ತದೆ, ಜಗಳವೂ ಹತ್ತಿಕೊಳ್ಳುತ್ತದೆ. ಮೇಷ್ಟ್ರು ಈಗ ಸಿಂಫನಿಗಳಿಗೆ ಬಾಣಿ ಹುಡುಕಲು ಹೊರಟಿದ್ದಾರೆ. ಕಾರ್ಲೋಸ್ ಕ್ಲೈಬರ್‌ನ ತಂದೆ ಎರಿಕ್ ಕ್ಲೈಬರ್ ಕೂಡ ದೊಡ್ಡ ಕಂಡಕ್ಟರ್. ಐದನೆಯದನ್ನು 1953ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕನ್ಸರ್ಟ್‌ಗೆಬೌ ಆರ್ಕೆಸ್ಟ್ರಾ ಜೊತೆ ಮುದ್ರಿಸಿದವನು. ಅಪ್ಪ ಮಗ ಇಬ್ಬರನ್ನೂ ಅಕ್ಕಪಕ್ಕ ಕೇಳಿಸಿದಾಗ ಮೇಷ್ಟ್ರು, "ನೋಡಿ, ಗುರುಮುಖೇನ ಬಂದ ಪಾಠ" ಎಂದು ಗೆದ್ದವರಂತೆ ಬೀಗಿದರು. ಅಪ್ಪನಿಗೆ ಮಗ ಈ ವೃತ್ತಿಗೆ ಬರುವುದೇ ಬೇಡವಾಗಿತ್ತು, ರಸಾಯನಶಾಸ್ತ್ರ ಓದಲೆಂದು ಜೂರಿಕ್‌ಗೆ ಕಳಿಸಿದ್ದ ಎಂದು ತಮ್ಮನ ಮಗಳು ಫೋನಿನಲ್ಲಿ ಹುಡುಕಿ ಓದಿದಳು. ಮೇಷ್ಟ್ರು ಒಪ್ಪಲಿಲ್ಲ. ಏಳನೆಯ ಸಿಂಫನಿಯ ಎರಡನೆಯ ಭಾಗದ ಕೊನೆಯಲ್ಲಿ ಪಿಟೀಲುಗಳು ಕಮಾನು ಹಿಡಿಯಬೇಕೆಂದು ಅಚ್ಚಾದ ಪ್ರತಿಯಲ್ಲಿದೆ. ಅಪ್ಪ ಕಡೆಯವರೆಗೂ ತಂತಿಯನ್ನು ಬೆರಳಿನಿಂದ ಮೀಟಿಸುತ್ತಾನೆ. ಮಗನೂ ಹಾಗೇ ಮಾಡುತ್ತಾನೆ. "ಕೆಮಿಸ್ಟ್ರಿ ಓದಿದ್ರೆ ಇದು ಬರುತ್ತಾ?" ಅನ್ನುವುದು ಮೇಷ್ಟ್ರ ವಾದ. ಕ್ಲೆಂಪರರ್ ಕೂಡ ಹಾಗೇ ಮೀಟಿಸುತ್ತಾನೆ, ಅವನು ಯಾರ ಮಗ ಅನ್ನುವುದು ಅವಳ ಪಾಟೀಸವಾಲು. ಮುಂದಿನ ಭಾನುವಾರ ಮೂರನ್ನೂ ಹಾಕುವುದಾಗಿ ಹೇಳಿದ್ದೇನೆ. ಕಾಫಿ ಇಬ್ಬರಿಗೂ ಬೇರೆ ಬೇರೆ ಕೋಣೆಯಲ್ಲಿ ಕೊಡುತ್ತೇನೆ ಅಂತ ಅತ್ತಿಗೆ ಈಗಲೇ ಹೇಳಿಯಾಗಿದೆ.