ಸಾಲಿ ಬಿಟ್ಟ ಮೇಲಿನ ಎರಡು ತಾಸು

ಈ ಸಲ ಬಂದ ಮೂರು ಪತ್ರಗಳೂ ಒಂದೇ ಹೊತ್ತಿನವು. ಸಂಜೆ ಸಾಲಿ ಬಿಟ್ಟಿರುತ್ತದೆ, ಮನೆಯಲ್ಲಿ ದೊಡ್ಡವರು ಇನ್ನೂ ಬಂದಿರುವುದಿಲ್ಲ. ಆ ಹೊತ್ತು.

ಪ್ರಶ್ನೆ: ನಾನು ಗೋಕಾಕದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಮನೆ ಹೊಳೆಯಾಚೆ. ಮಗಳು ಮೂರನೇ ಇಯತ್ತೆ. ಅವಳ ಸಾಲಿಯಲ್ಲಿ ಸಂಜೆ ಏಳರವರೆಗೆ ಮಕ್ಕಳನ್ನು ನೋಡಿಕೊಳ್ಳುವ ‘ಸಂಜೆ ಕೂಟ’ ಶುರುವಾಗಿದೆ. ನಂಬಿ ಬಿಡಬಹುದೇ? ‘ಮಂದಿ ಕೈಯಾಗ ಕೂಸಿನ್ನ ಬಿಡ್ತೀ ಏನು’ ಎಂದು ಅತ್ತೆ ಕೇಳಿದಾಗಿನಿಂದ ನಿದ್ದೆ ಇಲ್ಲ. — ಒಬ್ಬ ತಾಯಿ, ಗೋಕಾಕ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಸಿಕ್ಕುಬಿದ್ದಿವೆ. ಮಗಳು ಅಲ್ಲಿ ಸುರಕ್ಷಿತವಾಗಿರುತ್ತಾಳೆಯೇ ಎಂಬುದು ಒಂದು. ದುಡಿಯಲು ಹೋಗಿ ನಾನು ತಪ್ಪು ಮಾಡುತ್ತಿದ್ದೇನೆಯೇ ಎಂಬುದು ಇನ್ನೊಂದು. ಎರಡನೆಯದನ್ನು ಮೊದಲು ಕೆಳಗಿಳಿಸಿ. ದುಡಿಯುವ ತಾಯಿಯ ಮಗುವನ್ನು ಬೇರೆಯವರು ನೋಡಿಕೊಳ್ಳುವುದು ನಿಮ್ಮಿಂದ ಶುರುವಾದದ್ದಲ್ಲ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಮಕ್ಕಳಿಗೊಂದು ಕೋಣೆ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತು.

ಆದರೆ ಆ ಕೋಣೆ ಆರು ವರ್ಷದೊಳಗಿನವರಿಗೆ. ಅಂಗನವಾಡಿಯೂ ಆರು ತುಂಬುವವರೆಗೆ. ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆಂದು ಘೋಷಿಸಿದ ‘ಕೂಸಿನ ಮನೆ’ ಹೆಸರೇ ಹೇಳುವಂತೆ ಕೂಸುಗಳಿಗೆ. ನಿಮ್ಮ ಎಂಟು ವರ್ಷದ ಮಗಳು ಇವೆಲ್ಲದರ ನಡುವಿನ ಸಂದಿನಲ್ಲಿದ್ದಾಳೆ. ಸ್ವೀಡನ್ನಿನಲ್ಲಿ ಹಾಗಲ್ಲ: ತಂದೆತಾಯಿ ದುಡಿಯುವ ಮನೆಯ ಮಗುವಿಗೆ ಹದಿಮೂರು ವರ್ಷದವರೆಗೆ ಸಾಲಿಯ ನಂತರದ ಪಾಲನೆ ಒದಗಿಸುವುದು ಅಲ್ಲಿನ ಸ್ಥಳೀಯ ಆಡಳಿತದ ಹೊಣೆ. ನಮ್ಮಲ್ಲಿ ಆ ಹೊಣೆ ಸದ್ಯಕ್ಕೆ ನಿಮ್ಮ ಹೆಗಲ ಮೇಲೇ ಬಂದಿದೆ. ಆದ್ದರಿಂದ ತಪಾಸಣೆಯನ್ನೂ ನೀವೇ ಮಾಡಬೇಕು. ಅದು ಕಷ್ಟದ್ದೇನಲ್ಲ.

ಒಂದು ದಿನ ಅರ್ಧ ತಾಸು ರಜೆ ಕೇಳಿ, ಮುಂಚಿತವಾಗಿ ತಿಳಿಸದೆ ಐದೂಮುಕ್ಕಾಲಿಗೆ ಹೋಗಿ. ಗೋಡೆಯ ಬಣ್ಣ, ಚಿತ್ರಪಟ ಆಮೇಲೆ ನೋಡಿದರಾಯಿತು. ನೋಡಿಕೊಳ್ಳುವ ಅಕ್ಕೋರು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆಯೇ, ಅಥವಾ ‘ಏ ಹುಡುಗೀ’ ಎನ್ನುತ್ತಾರೆಯೇ, ಅದನ್ನು ಕೇಳಿಸಿಕೊಳ್ಳಿ. ಮೂಲೆಯಲ್ಲಿ ಒಂಟಿಯಾಗಿ ಕೂತ ಮಗು ಅವರ ಕಣ್ಣಿಗೆ ಬೀಳುತ್ತದೆಯೇ? ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು ಇದಕ್ಕೆ.

ಆಮೇಲೆ ತಲೆ ಎಣಿಸಿ. ರಾಷ್ಟ್ರೀಯ ಶಿಶುಪಾಲನಾ ಯೋಜನೆಯಲ್ಲಿ 25 ಪುಟ್ಟ ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಇರುತ್ತಿದ್ದರು. ನಿಮ್ಮ ಮಗಳ ವಯಸ್ಸಿನವರಿಗೆ ತುಸು ಸಡಿಲ ಬಿಡಬಹುದು, ಆದರೆ ದೊಡ್ಡವರು ಇಬ್ಬರು ಇರಲೇಬೇಕು. ಒಂದು ಮಗು ಬಿದ್ದು ಹಣೆ ಒಡೆದುಕೊಂಡಿತು ಅನ್ನಿ. ಒಬ್ಬರು ದವಾಖಾನೆಗೆ ಓಡಿದರೆ ಉಳಿದ ಮಕ್ಕಳ ಬಳಿ ಯಾರಿರುತ್ತಾರೆ?

ಪಾಯಖಾನೆಗೆ ನೀವೇ ಹೋಗಿ ಬನ್ನಿ. ಸಾಲಿ ಬಿಟ್ಟೊಡನೆ ಅದಕ್ಕೆ ಕೀಲಿ ಬೀಳುವುದುಂಟು. ಹೆಣ್ಣುಮಕ್ಕಳು ಏಳರವರೆಗೆ ತಡೆದುಕೊಂಡು ಕೂರುತ್ತಾರೆ, ಯಾರಿಗೂ ಹೇಳುವುದಿಲ್ಲ. ಒಳಗೆ ಚಿಲಕ, ನೀರು, ಬೆಳಕು ಮೂರೂ ಇರಬೇಕು.

ಮಗುವನ್ನು ಯಾರ ಕೈಗೆ ಒಪ್ಪಿಸಬೇಕು ಎಂಬುದು ವಹಿಯಲ್ಲಿ ಬರೆದಿರಲಿ. ಅದರಲ್ಲಿಲ್ಲದವರು ‘ನಾನು ಅವಳ ಕಾಕಾ’ ಎಂದರೂ ನಿಮಗೆ ಫೋನು ಮಾಡದೆ ಕಳಿಸಬಾರದು. ನೀವು ಹೊಳೆಯಾಚೆಯವರಾದ್ದರಿಂದ ಇನ್ನೊಂದು ಮಾತು. 2019ರ ಆಗಸ್ಟಿನಲ್ಲಿ, ಮತ್ತೆ 2024ರ ಜುಲೈಯಲ್ಲಿ ಘಟಪ್ರಭಾ ಉಕ್ಕಿ ಲೋಳಸೂರ ಸೇತುವೆ ಮುಳುಗಿದ್ದು ನಿಮಗೆ ನೆನಪಿರುತ್ತದೆ. ಅಂಥ ಸಂಜೆ ನೀವು ಈಚೆ ದಂಡೆಯಲ್ಲಿ ಸಿಕ್ಕಿಕೊಂಡರೆ ಮಗಳು ರಾತ್ರಿ ಎಲ್ಲಿ ಮಲಗುತ್ತಾಳೆ? ಮಳೆಗಾಲಕ್ಕೆ ಮೊದಲೇ ಆಚೆ ದಂಡೆಯ ನಂಬಿಕಸ್ಥರೊಬ್ಬರ ಹೆಸರು, ನಂಬರು ಆ ವಹಿಯಲ್ಲಿ ಬರೆಸಿ.

ಇಷ್ಟಕ್ಕೆಲ್ಲ ಅವರು ಬೇಸರಿಸದೆ ಉತ್ತರಿಸಿದರೆ ಬಿಡಿ, ಧೈರ್ಯವಾಗಿ ಬಿಡಿ. ‘ಪಾಲಕರು ಒಳಗೆ ಬರುವಂತಿಲ್ಲ’ ಎಂದರೆ ಮಗಳೂ ಬೇಡ. ಅತ್ತೆಯವರನ್ನು ಒಂದು ಸಂಜೆ ಕರೆದುಕೊಂಡು ಹೋಗಿ. ಅವರ ಮಾತು ಒರಟಾಗಿರಬಹುದು, ಒಳಗಿರುವುದು ನಿಮ್ಮದೇ ಭಯ.

ಪ್ರಶ್ನೆ: ಮಗ ನಾಲ್ಕನೇ ಇಯತ್ತೆ. ಸಂಜೆ ಕೂಟದಲ್ಲಿ ಬರೀ ಆಟ ಆಡಿಸುತ್ತಾರೆ. ಮುಂದಿನ ವರ್ಷ ನವೋದಯ ಪರೀಕ್ಷೆ ಇದೆ. ರೊಕ್ಕ ಕೊಟ್ಟು ವೇಳೆ ಹಾಳು ಮಾಡಿಸುತ್ತಿದ್ದೇನೆಯೇ? — ಒಬ್ಬ ತಂದೆ, ಮೂಡಲಗಿ

ಉತ್ತರ: ಮಗ ಕೋಥಳಿಯ ನವೋದಯಕ್ಕೆ ಹೋಗಲಿ ಎಂದು ಆಸೆಪಡುವುದು ತಪ್ಪಲ್ಲ. ಆರನೇ ಇಯತ್ತೆಗೆ ಇರುವುದು 80 ಜಾಗ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ.

ಪ್ರಶ್ನೆಪತ್ರಿಕೆಯನ್ನು ಒಮ್ಮೆ ಬಿಡಿಸಿ ನೋಡಿ. ಎರಡು ತಾಸಿನಲ್ಲಿ 80 ಪ್ರಶ್ನೆ. ಅದರಲ್ಲಿ 40 ಮಾನಸಿಕ ಸಾಮರ್ಥ್ಯದವು (ಆಕೃತಿ ಹೊಂದಿಸುವುದು, ಗುಂಪಿಗೆ ಸೇರದ್ದನ್ನು ಗುರುತಿಸುವುದು). ಅದಕ್ಕೆ ಬೇಕಾದದ್ದು ದಣಿಯದ ತಲೆ. ನಿಮ್ಮ ಮಗ ಮುಂಜಾನೆಯಿಂದ ಬೆಂಚಿನ ಮೇಲೆ ಕೂತೇ ಇದ್ದಾನೆ. ಸಂಜೆಯೂ ಕೂರಿಸಿದರೆ ಅದು ಟ್ಯೂಷನ್ ಆಗುತ್ತದೆ, ಪಾಲನೆಯಾಗುವುದಿಲ್ಲ. ಅವನಿಗೆ ಆ ಹೊತ್ತಿನಲ್ಲಿ ಬೇಕಿರುವುದು ಒಂದು ಹಿಡಿ ಶೇಂಗಾ-ಬೆಲ್ಲ, ಕುಡಿಯಲು ನೀರು, ಲಗೋರಿಗೆ ಜೊತೆಗಾರರು.

ಅವನು ಐದನೆಯದಕ್ಕೆ ಬಂದಾಗ ವಾರದಲ್ಲಿ ಮೂರು ದಿನ ಅರ್ಧರ್ಧ ತಾಸು ಅಭ್ಯಾಸಕ್ಕಿಡಲು ಕೂಟದವರನ್ನು ಕೇಳಿ. ಊರಿನ ಅರಿವು ಕೇಂದ್ರದಲ್ಲಿ (ಗ್ರಾಮ ಪಂಚಾಯಿತಿ ಗ್ರಂಥಾಲಯ) 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಸದಸ್ಯತ್ವ ಉಚಿತ, ಅದನ್ನೂ ಬಳಸಿಕೊಳ್ಳಿ. ಒಂದು ಎಚ್ಚರಿಕೆ: ಸಾಲಿಯ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ನಿಮ್ಮ ಒತ್ತಾಯದಿಂದ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ.

ಪ್ರಶ್ನೆ: ಮಗ-ಸೊಸೆ ಕಬ್ಬು ಕಡಿಯುವ ಗ್ಯಾಂಗಿನ ಜತೆ ಹೋಗಿದ್ದಾರೆ. ಏಳು ವರ್ಷದ ಮೊಮ್ಮಗ ನನ್ನ ಬಳಿ ಇದ್ದಾನೆ. ಹದಿನೈದು ದಿನದಿಂದ ಸಂಜೆ ಕೂಟ ಎಂದರೆ ಹೊಟ್ಟೆನೋವು ಅನ್ನುತ್ತಾನೆ. ಕೇಳಿದರೆ ಬಾಯಿ ಬಿಡುವುದಿಲ್ಲ. ಏನೇನೋ ವಿಚಾರ ಬರುತ್ತವೆ. — ಒಬ್ಬ ಅಜ್ಜಿ, ಹುಕ್ಕೇರಿ

ಉತ್ತರ: ಅಮ್ಮಾ, ಬರೆದದ್ದು ಒಳ್ಳೆಯದಾಯಿತು. ಹೊಟ್ಟೆನೋವು ನೆವವೆಂದು ಗದರಿಸದೆ ಇದ್ದದ್ದು ಇನ್ನೂ ಒಳ್ಳೆಯದು. ಈ ವಯಸ್ಸಿನಲ್ಲಿ ಮನಸ್ಸಿನ ನೋವು ಹೊಟ್ಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ಕಾರಣ ಚಿಕ್ಕದಿರಬಹುದು: ದೊಡ್ಡ ಹುಡುಗರು ಅಣಕಿಸುತ್ತಿರಬಹುದು, ಕತ್ತಲ ಪಾಯಖಾನೆಗೆ ಹೆದರಿರಬಹುದು. ದೊಡ್ಡದೂ ಇರಬಹುದು. ತಿಳಿಯುವ ತನಕ ಅಲ್ಲಿಗೆ ಕಳಿಸಬೇಡಿ, ನಿಮ್ಮ ಬಳಿಯೇ ಇರಲಿ. ನೋವು ನಿಲ್ಲದಿದ್ದರೆ ಡಾಕ್ಟರಿಗೂ ತೋರಿಸಿ.

ಎದುರು ಕೂರಿಸಿಕೊಂಡು ಕೇಳಿದರೆ ಅವನು ಮುಚ್ಚಿಕೊಳ್ಳುತ್ತಾನೆ. ಇಬ್ಬರೂ ಶೇಂಗಾ ಸುಲಿಯುತ್ತ ಕೂತಾಗ, ‘ಅಲ್ಲಿ ನಿನಗ ಯಾವುದು ಸೇರೂದಿಲ್ಲ?’ ಎಂದು ಕೇಳಿ ಸುಮ್ಮನಿರಿ. ‘ಅವನು ಹೊಡೆದನಾ? ಮುಟ್ಟಿದನಾ?’ ಎಂದು ಉತ್ತರವನ್ನು ನೀವೇ ಅವನ ಬಾಯಿಗಿಡಬೇಡಿ. ಇವತ್ತು ಹೇಳದಿದ್ದರೆ ನಾಳೆ ಹೇಳುತ್ತಾನೆ.

ಹೊಡೆತದ, ಕೂಡಿಹಾಕಿದ ಅಥವಾ ಮೈಮುಟ್ಟಿದ ಮಾತು ಬಂದರೆ, ‘ಹೇಳಿದ್ದು ಚಲೋ ಆತು, ನಿಂದೇನೂ ತಪ್ಪಿಲ್ಲ’ ಎನ್ನಿ. ಆ ಮನುಷ್ಯನನ್ನು ನೀವೇ ಹೋಗಿ ಕೇಳುವುದು ಬೇಡ, ಊರ ಹಿರಿಯರ ಮುಂದೆ ರಾಜಿಯೂ ಬೇಡ. 1098ಕ್ಕೆ ಫೋನು ಮಾಡಿ. ಮಕ್ಕಳ ಸಹಾಯವಾಣಿ, ಹಗಲು-ರಾತ್ರಿ ಎತ್ತುತ್ತಾರೆ, ಖರ್ಚಿಲ್ಲ. ಪೋಕ್ಸೊ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಕಾಯ್ದೆ) ಪ್ರಕಾರ ಅಂಥ ದೌರ್ಜನ್ಯ ಗೊತ್ತಾದ ಮೇಲೆ ತಿಳಿಸಲೇಬೇಕು. ಹೆದರಬೇಡಿ, ಕಾಯ್ದೆ ನಿಮ್ಮ ಕಡೆಗಿದೆ.

ಅಂಥದ್ದೇನೂ ಇಲ್ಲದೆ ಅವ್ವನ ನೆನಪೇ ಅವನನ್ನು ಹಿಂಡುತ್ತಿರಬಹುದು. ಸಂಜೆಯಾದಂತೆ ಬೇರೆ ಮಕ್ಕಳನ್ನು ಕರೆದೊಯ್ಯಲು ಅವರ ಅವ್ವಂದಿರು ಬರುತ್ತಾರೆ, ಇವನು ಬಾಗಿಲು ನೋಡುತ್ತ ಕೂತಿರುತ್ತಾನೆ. ಹಾಗಿದ್ದರೆ ಕೂಟದಿಂದ ಎಲ್ಲರಿಗಿಂತ ಮೊದಲು ಅವನನ್ನು ಕರೆತನ್ನಿ. ಅವ್ವ ಫೋನು ಮಾಡಬೇಕೆಂದರೆ, ಕಬ್ಬಿನ ಲೋಡು ತುಂಬಿ ಮುಗಿಯುವಷ್ಟರಲ್ಲಿ ರಾತ್ರಿಯಾಗಿ ಅವನು ಮಲಗಿಬಿಟ್ಟಿರುತ್ತಾನೆ. ಆದ್ದರಿಂದ ಮಧ್ಯಾಹ್ನ ರೊಟ್ಟಿ ಬಿಚ್ಚಿದ ಹೊತ್ತಿನಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡಿ ಕಳಿಸಲು ಸೊಸೆಗೆ ಹೇಳಿ. ಸಾಲಿಯಿಂದ ಬಂದೊಡನೆ ಕೇಳಿಸಿ.