ಬೇಸಗೆಯ ಹಿತ್ತಿಲಿನಲ್ಲಿ ಹೂಗಿಡಗಳ ಸಂರಕ್ಷಣೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಪ್ರಾಂತದಲ್ಲಿ ಯುಗಾದಿಯಿಂದ ಮೃಗಶಿರಾ ಮಳೆಯವರೆಗಿನ ಕಾಲವು ಹಿತ್ತಿಲಿನ ಗಿಡಗಳಿಗೆ ಕಠಿಣವಾದುದು. ಬಿಸಿಲು 40 ಅಂಶದ ಸಮೀಪಕ್ಕೆ ಏರುವುದು. ಒಣಗಾಳಿಯು ಎಲೆಯ ಪಸೆಯನ್ನು ಹೀರುವುದು. ಬಾವಿಯ ನೀರು ತಳಕ್ಕೆ ಇಳಿಯುವುದು. ಇಂಥ ಕಾಲದಲ್ಲಿ ಎಲ್ಲ ಗಿಡಗಳಿಗೂ ಸ್ವಲ್ಪ ಸ್ವಲ್ಪ ನೀರು ಹನಿಸಿ ಎಲ್ಲವನ್ನೂ ಕಳೆದುಕೊಳ್ಳುವುದಕ್ಕಿಂತ, ಯಾವುದನ್ನು ಉಳಿಸತಕ್ಕದ್ದು, ಯಾವುದನ್ನು ಅದರ ಪಾಡಿಗೆ ಬಿಡತಕ್ಕದ್ದು ಎಂಬುದನ್ನು ಜಮೀನುದಾರರೂ ಊರಿನ ಪ್ರಮುಖರೂ ಮೊದಲೇ ನಿಶ್ಚಯಿಸುವುದು ಲೇಸು.

ಈ ಸೀಮೆಯಲ್ಲಿ ಮಣ್ಣು ಎರಡು ಬಗೆಯದು. ಬಯಲಿನಲ್ಲಿ ಎರೆ; ಕಪ್ಪತಗುಡ್ಡದ ಆಸುಪಾಸಿನಲ್ಲಿ ಮಸಾರಿ. 1948ರವರೆಗೆ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ನೆರೆಯ ಗದಗು ಮುಂಬಯಿ ಇಲಾಖೆಯಲ್ಲಿತ್ತು. 1997ರಲ್ಲಿ ಗದಗ ಜಿಲ್ಲೆಯೇ ಬೇರೆಯಾಯಿತು. ಗಡಿಗಳು ಹೀಗೆ ಬದಲಾದರೂ ಮಣ್ಣಿನ ಗುಣ ಬದಲಾಗಲಿಲ್ಲ. ಎರೆಯು ನೀರನ್ನು ಬಹಳ ದಿನ ಹಿಡಿದಿಡುವುದು. ಆದರೆ ಒಣಗಿದೊಡನೆ ಬಿರಿಯುವುದು. ಆ ಬಿರುಕುಗಳಲ್ಲಿ ಸಣ್ಣ ಬೇರುಗಳು ಹರಿದುಹೋಗುವುವು, ಆಳದ ತೇವವೂ ಅವುಗಳ ಮೂಲಕ ಹಾರಿಹೋಗುವುದು. ಗಿಡವು ಬಿಸಿಲಿನಿಂದ ಒಣಗಿತೆಂದು ಮನೆಯವರು ಭಾವಿಸುವರು. ಅನೇಕ ವೇಳೆ ನಿಜವಾದ ಕಾರಣವು ಬುಡದ ಬಿರುಕೇ ಆಗಿರುತ್ತದೆ. ಆದಕಾರಣ ನೀರು ಕೊಟ್ಟ ಮರುದಿನ ಕುರ್ಚಿಗೆಯಿಂದ ಎರಡು ಬೆರಳಿನಷ್ಟು ಮಣ್ಣನ್ನು ಸಡಿಲಿಸಿ, ಶೇಂಗಾ ಹೊಟ್ಟು ಅಥವಾ ಜೋಳದ ರವದಿಯನ್ನು ನಾಲ್ಕು ಬೆರಳು ದಪ್ಪ ಹೊದಿಸತಕ್ಕದ್ದು. ಹೊದಿಕೆಯು ಕಾಂಡಕ್ಕೆ ತಾಗದೆ ಒಂದು ಗೇಣು ದೂರವಿರಬೇಕು. ಇಲ್ಲದಿದ್ದರೆ ಗೆದ್ದಲನ್ನು ತಾವೇ ಕರೆದಂತಾಗುವುದು. ಗೆದ್ದಲಿನ ಭಯವಿರುವಲ್ಲಿ ಬೇವಿನ ಹಿಂಡಿಯನ್ನು ಮಣ್ಣಿಗೆ ಬೆರೆಸುವುದು ಒಳ್ಳೆಯದು.

ನೀರಿನ ವಿಷಯದಲ್ಲಿ ರೂಢಿಯ ತಪ್ಪೆಂದರೆ ದಿನಂಪ್ರತಿ ಅರ್ಧ ಕೊಡವನ್ನು ಕಾಂಡದ ಮೇಲೆ ಸುರಿಯುವುದು. ಆ ನೀರು ಮೇಲ್ಮಣ್ಣನ್ನು ಮಾತ್ರ ತೋಯಿಸಿ ಮಧ್ಯಾಹ್ನದೊಳಗೆ ಆವಿಯಾಗುವುದು. ಬೇರುಗಳೂ ನೀರನ್ನರಸಿ ಮೇಲಕ್ಕೆ ಬಂದು ಬೇಯುವುವು. ಅದೇ ನೀರನ್ನು ಕೂಡಿಟ್ಟು, ನಾಲ್ಕು ದಿನಗಳಿಗೊಮ್ಮೆ ಎರಡು ಕೊಡಗಳಂತೆ, ಸಾಯಂಕಾಲದಲ್ಲಿ, ಕಾಂಡದಿಂದ ಒಂದು ಮೊಳ ದೂರದ ಪಾತಿಗೆ ಕೊಟ್ಟರೆ ತೇವವು ಆಳಕ್ಕೆ ಇಳಿಯುವುದು. ಖರ್ಚು ಒಂದೇ, ಫಲ ಬೇರೆ. ಮಸಾರಿಯು ನೀರನ್ನು ಅಷ್ಟು ಹಿಡಿಯದಾದ್ದರಿಂದ ಅಲ್ಲಿ ಎರಡು ದಿನಗಳಿಗೊಮ್ಮೆ ಒಂದು ಕೊಡ ಕೊಡತಕ್ಕದ್ದು. ಕುಂಬಾರನ ಹಸಿಗೆಂಪು ಗಡಿಗೆಯನ್ನು ಗಿಡದ ಪಕ್ಕದಲ್ಲಿ ಕಂಠದವರೆಗೆ ಹೂಳಿ, ನೀರು ತುಂಬಿ ಬಾಯಿ ಮುಚ್ಚಿದರೆ, ಅದು ಬೇರಿಗೆ ಬೇಕಾದಷ್ಟನ್ನೇ ಒಸರುತ್ತಿರುವುದು. ನಲ್ಲಿಯ ನೀರು ಹಲವು ದಿನಗಳಿಗೊಮ್ಮೆ ಬರುವ ಗದಗ-ಬೆಟಗೇರಿಯ ಮನೆಗಳಿಗೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಬಚ್ಚಲ ನೀರನ್ನು ಬಳಸಬಹುದು. ಆದರೆ ಬಟ್ಟೆ ಒಗೆದ ಸೋಡಾ ನೀರು ಎರೆಯನ್ನು ಕೆಡಿಸಿ ಮಣ್ಣನ್ನು ಕಲ್ಲಿನಂತೆ ಗಟ್ಟಿಮಾಡುವುದರಿಂದ ಅದನ್ನು ಬೇರೆ ಹರಿಯಬಿಡಬೇಕು. ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರು ಸವಳು. ಹಲವೆಡೆ ಫ್ಲೋರೈಡೂ ಮಿತಿಮೀರಿದೆ. ನೀರನ್ನು ಕಾಸಿದ ಮಾತ್ರಕ್ಕೆ ಫ್ಲೋರೈಡು ಹೋಗುವುದಿಲ್ಲವೆಂಬುದನ್ನು ಪ್ರಮುಖರು ಊರವರಿಗೆ ತಿಳಿಯಹೇಳುವುದು ಅವಶ್ಯ. ಹೊಳೆಯ ಸಿಹಿನೀರನ್ನು ಮನುಷ್ಯರಿಗೆ ಮೀಸಲಿಟ್ಟು ಗಿಡಗಳಿಗೆ ಬಾವಿಯ ನೀರನ್ನು ಕೊಡುವುದೇ ನ್ಯಾಯ. ಸವಳು ನೀರನ್ನು ಎಲೆಯ ಮೇಲೆ ಸಿಂಪಡಿಸಬಾರದು. ಪಾತಿಯ ಅಂಚಿನಲ್ಲಿ ಬಿಳಿಯ ಉಪ್ಪು ಕಂಡಲ್ಲಿ ಆ ಮೇಲ್ಪದರವನ್ನು ಕೆರೆದು ತೆಗೆಯತಕ್ಕದ್ದು.

ಇನ್ನು ಗಿಡಗಳ ಸಂಗತಿ. ದುಂಡುಮಲ್ಲಿಗೆಗೆ ಬೇಸಗೆಯೇ ಸುಗ್ಗಿ. ಹೊಳೆಯಾಚೆಯ ಹೂವಿನಹಡಗಲಿಯು ಮಲ್ಲಿಗೆಯಿಂದಲೇ ಹೆಸರಾಗಿ ಭೌಗೋಳಿಕ ಗುರುತನ್ನು ಪಡೆದಿದೆ. ಈಚೆಯ ಮುಂಡರಗಿಯ ಹಿತ್ತಿಲುಗಳಲ್ಲಿಯೂ ಅದು ಬಾರದಿರಲು ಕಾರಣವಿಲ್ಲ. ಆದುದರಿಂದ ನೀರಿನ ಮೊದಲ ಪಾಲು ಮಲ್ಲಿಗೆಗೆ ಸಲ್ಲತಕ್ಕದ್ದು. ಎರೆಯ ಸುಣ್ಣದಿಂದ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣಾಂಶದ ಕೊರತೆ. ಲೀಟರಿಗೆ 5 ಗ್ರಾಂ ಅನ್ನಭೇದಿಯನ್ನು ತುಸು ನಿಂಬೆರಸದೊಡನೆ ಕರಗಿಸಿ, ಸಂಜೆ ಸಿಂಪಡಿಸಿದರೆ ಹಸಿರು ಮರಳುವುದು. ಒಮ್ಮೆಗೆ ಸಾಲದು, ಹತ್ತು ದಿನಗಳ ಮೇಲೆ ಮತ್ತೊಮ್ಮೆ ಮಾಡಬೇಕು.

ದಾಸವಾಳದ ಕುಡಿಗಳು ಮುರುಟಿ ಹತ್ತಿಯಂಥ ಬಿಳುಪು ಕಂಡರೆ ಹಿಟ್ಟು ತಿಗಣೆ ಹತ್ತಿತೆಂದು ತಿಳಿಯಬೇಕು. ಅಂಥ ಕುಡಿಗಳನ್ನು ಕತ್ತರಿಸಿ ಸುಟ್ಟು, ಉಳಿದುದನ್ನು ನೀರಿನ ರಭಸದಿಂದ ತೊಳೆದು ಬೇವಿನೆಣ್ಣೆಯನ್ನು ಸಿಂಪಡಿಸುವುದು. ಇರುವೆಗಳನ್ನು ತಡೆಯದಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಗುಲಾಬಿಯಿಂದ ಮೇ ತಿಂಗಳಲ್ಲಿ ಹೂವನ್ನು ಅಪೇಕ್ಷಿಸುವುದು ಗಿಡಕ್ಕೆ ಅನ್ಯಾಯ. ಮೊಗ್ಗನ್ನು ಚಿವುಟಿ ಜೀವ ಉಳಿಸಿದರೆ ಸಾಕು. ಕಾಗದದ ಹೂವಿಗೂ ಬೇರೂರಿದ ನಂದಿಬಟ್ಟಲಿಗೂ ನೀರಿನ ಹಂಗು ಕಡಿಮೆ. ಕಣಗಿಲೆಯೂ ಹಾಗೆಯೇ; ಆದರೆ ಅದರ ಎಲೆ, ಟೊಂಗೆಗಳೆಲ್ಲ ವಿಷ, ಒಣಗಿದರೂ ವಿಷವೇ. ಮೇವಿಲ್ಲದ ಬೇಸಗೆಯಲ್ಲಿ ಕಣಗಿಲೆಯ ಸವರನ್ನು ಗೋದಲಿಯ ಹತ್ತಿರ ಎಸೆದು ಎತ್ತನ್ನು ಕಳೆದುಕೊಳ್ಳುವ ಪ್ರಮಾದವು ಯಾರಿಗೂ ಬಾರದಿರಲಿ. ಸವರನ್ನು ಹೂಳುವುದೇ ಸರಿ, ಅದರ ಹೊಗೆಯೂ ಒಳ್ಳೆಯದಲ್ಲ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದುದು ಸೇವಂತಿಗೆಗೆ. ಹೂವು ಮುಗಿದ ಗಿಡವು ಬೇಸಗೆಯಲ್ಲಿ ಕಸದಂತೆ ಕಾಣುವುದರಿಂದ ಅನೇಕರು ಅದನ್ನು ಕಿತ್ತೊಗೆಯುವರು, ಇಲ್ಲವೆ ನೀರಿಲ್ಲದೆ ಸಾಯಬಿಡುವರು. ಇರುಳು ದೀರ್ಘವಾದ ಮೇಲೆ ದೀಪಾವಳಿಯ ಕಾಲಕ್ಕೆ ಹೂಬಿಡಬೇಕಾದ ಸಸಿಗಳು ಈ ಹಳೆಯ ಬುಡದ ಮರಿಗಳೇ. ಬುಡ ಸತ್ತರೆ ಮರುವರ್ಷ ಸಸಿಗಳನ್ನು ದುಡ್ಡು ಕೊಟ್ಟು ತರಬೇಕಾಗುವುದು, ತಳಿಯೂ ಕೈತಪ್ಪುವುದು. ಹತ್ತು ಒಳ್ಳೆಯ ಬುಡಗಳನ್ನು ಆರಿಸಿ, ನೆಲದಿಂದ ಒಂದು ಗೇಣಿನಷ್ಟು ಬಿಟ್ಟು ಕತ್ತರಿಸಿ, ನುಗ್ಗೆಯ ತೆಳುನೆರಳಿನಲ್ಲಾಗಲಿ ತೆಂಗಿನ ಗರಿಯ ಚಪ್ಪರದ ಕೆಳಗಾಗಲಿ ಕಾಪಾಡತಕ್ಕದ್ದು. ನೀರು ನಿಲ್ಲಬಾರದು, ಮಣ್ಣು ಪೂರ್ತಿ ಒಣಗಲೂ ಬಾರದು.

ಭರಣಿ, ಕೃತ್ತಿಕೆಗಳಲ್ಲಿ ಒಂದು ಅಡ್ಡಮಳೆ ಬಿದ್ದೊಡನೆ ಮರಿಗಳನ್ನು ಕಿತ್ತು ನೆಡಲು ಅವಸರಿಸಬಾರದು. ಆ ಮಳೆಯ ಹಿಂದೆಯೇ ಮತ್ತೆ ಬಿಸಿಲು ಕಾದು ನಿಂತಿರುತ್ತದೆ. ಮೃಗಶಿರೆಯಲ್ಲಿ ಎರಡು ಹದಮಳೆಗಳಾಗಿ ಬುಡದಲ್ಲಿ ಹೊಸ ಬೇರು ಕಂಡ ಮೇಲೆ, ಮರಿಗಳನ್ನು ಬೇರುಸಹಿತ ಬಿಡಿಸಿ, ಒಂದು ಅಡಿ ಅಂತರದಲ್ಲಿ ಮೋಡದ ದಿನದ ಸಂಜೆ ನೆಡತಕ್ಕದ್ದು.