ಹೊಸ ಕಾರಿನ ರಿಯಾಯಿತಿ, ಹಳೆಯ ಕಾರಿನ ಬೆಲೆ

ವ್ಯವಹಾರಕ್ಕಾಗಿ ಕಾರು ಕೊಳ್ಳುವ ವರ್ತಕರು ರಿಯಾಯಿತಿಯನ್ನು ಲಾಭವೆಂದೇ ಎಣಿಸುವರು. ಆದರೆ ತಯಾರಕರು ಹೊಸ ಕಾರಿನ ಬೆಲೆಯನ್ನು ಒಂದು ಲಕ್ಷ ರೂ. ಇಳಿಸಿದರೆ ಅದೇ ಮಾದರಿಯ ಹಳೆಯ ಕಾರುಗಳ ಬೆಲೆಯೂ ಕುಸಿಯುತ್ತದೆ. ನಷ್ಟ ಹೊರುವವರು ಹಿಂದೆ ಪೂರ್ಣ ಬೆಲೆ ತೆತ್ತವರು.

ಪ್ರತಿಷ್ಠೆಯೂ ಮಾರಾಟ ನೀತಿಯ ಫಲವೇ. 2009ರಲ್ಲಿ ಮಾರುಕಟ್ಟೆಗೆ ಬಂದ ನ್ಯಾನೋವನ್ನು ‘ಅತಿ ಅಗ್ಗದ ಕಾರು’ ಎಂದು ಪ್ರಚಾರ ಮಾಡಿದ್ದು ದುರದೃಷ್ಟಕರವೆಂದು ರತನ್ ಟಾಟಾ ಅವರೇ ಮುಂದೆ ಒಪ್ಪಿದರು. ಇದಕ್ಕೆ ವಿರುದ್ಧವಾಗಿ, ನಮ್ಮ ಬಿಡದಿಯಲ್ಲಿ ತಯಾರಾಗುತ್ತಿದ್ದ ಕ್ವಾಲಿಸ್‌ಗೆ ಬೇಡಿಕೆ ಇದ್ದಾಗಲೇ, 2005ರಲ್ಲಿ, ಟೊಯೋಟಾ ಅದನ್ನು ನಿಲ್ಲಿಸಿ ಇನ್ನೋವಾವನ್ನು ತಂದಿತು. ಇನ್ನೋವಾ ಬಾಡಿಗೆಗೂ ಓಡಿತು, ಮಂತ್ರಿಗಳ ಮನೆಯ ಮುಂದೆಯೂ ನಿಂತಿತು.

ಇನ್ನು ಲೆಕ್ಕದ ಮಾತು. ಆದಾಯ ತೆರಿಗೆಯಲ್ಲಿ ವ್ಯವಹಾರದ ಕಾರಿಗೆ ವಾರ್ಷಿಕ ಸವಕಳಿ ಶೇ. 15, ಬಾಡಿಗೆ ಕಾರಿಗೆ ಶೇ. 30. ಹತ್ತು ಲಕ್ಷದ ಕಾರಿನ ಸವಕಳಿ ಕಳೆದ ಮೌಲ್ಯ ಮೂರು ಪೂರ್ಣ ವರ್ಷಗಳ ಬಳಿಕ ಕ್ರಮವಾಗಿ ರೂ. 6,14,125 ಮತ್ತು ರೂ. 3,43,000. ಸವಕಳಿ ಪಡೆದ, ಆದರೆ ಖರೀದಿ ತೆರಿಗೆಯ ಜಮೆ ಪಡೆಯದ ಹಳೆಯ ಕಾರನ್ನು ಮಾರುವ ನೋಂದಾಯಿತ ವರ್ತಕರು, 2025ರ ಜನವರಿಯ ಅಧಿಸೂಚನೆಯಂತೆ, ಈ ಮೌಲ್ಯಕ್ಕಿಂತ ಹೆಚ್ಚು ಬಂದ ಮೊತ್ತಕ್ಕೆ ಮಾತ್ರ ಶೇ. 18 ಜಿಎಸ್‌ಟಿ ತೆರಬೇಕು. ಮೊದಲ ಕಾರು ರೂ. 6,50,000ಕ್ಕೆ ಮಾರಾಟವಾದರೆ ರೂ. 35,875ರ ಮೇಲೆ ತೆರಿಗೆ, ರೂ. 5,50,000ಕ್ಕೆ ಹೋದರೆ ತೆರಿಗೆಯೇ ಇಲ್ಲ!